ಅರ್ಧ ಮುಖ ಕೆಂಪಾಗಿ ಬೆವರುತ್ತದೆ, ಅರ್ಧ ಒಣಗಿರುತ್ತದೆ: ತೊಂದರೆ ಯಾವ ಬದಿಯದು?

ಪ್ರಶ್ನೆ: ನನಗೆ 34 ವರ್ಷ. ಎಂಟು ತಿಂಗಳ ಹಿಂದೆ ಓಟ ಮುಗಿಸಿ ಕನ್ನಡಿ ನೋಡಿದಾಗ ಮುಖದ ಬಲ ಅರ್ಧ ಕೆಂಪಾಗಿ ಬೆವರು ಸುರಿಯುತ್ತಿತ್ತು, ಎಡ ಅರ್ಧ ಬಿಳಿಚಿಕೊಂಡು ಒಣಗಿತ್ತು. ಹಣೆಯಿಂದ ಗದ್ದದವರೆಗೆ ನಡುವೆ ಗೆರೆ ಎಳೆದ ಹಾಗೆ. ಅಂದಿನಿಂದ ಓಡಿದಾಗಲೆಲ್ಲ, ಬಿಸಿಲಲ್ಲಿ ನಿಂತಾಗಲೆಲ್ಲ ಹೀಗೇ ಆಗುತ್ತಿದೆ. ನೋವಿಲ್ಲ. ಮಿದುಳಿನ ಸ್ಕ್ಯಾನ್‌ನಲ್ಲಿ ಏನೂ ಕಾಣಲಿಲ್ಲ. ಬಲಬದಿಯ ನರ ಅತಿಯಾಗಿ ಕೆಲಸ ಮಾಡುತ್ತಿದೆ, ಅದನ್ನು ಕತ್ತರಿಸಿದರೆ ವಾಸಿಯಾಗುತ್ತದೆ ಎಂದು ಒಬ್ಬರು ಹೇಳಿದರು. ನಿಜವೇ? ಇದು ಪಾರ್ಶ್ವವಾಯುವಿನ ಮುನ್ಸೂಚನೆ ಇರಬಹುದೇ?

ಉತ್ತರ: ನಿಮ್ಮ ಬಲಬದಿ ಬಹುಮಟ್ಟಿಗೆ ಸರಿಯಾಗಿಯೇ ಇದೆ. ಓಡಿದಾಗ ಮೈ ಕಾಯುತ್ತದೆ, ಆ ಶಾಖವನ್ನು ಹೊರಹಾಕಲು ಮುಖದ ರಕ್ತನಾಳಗಳು ಹಿಗ್ಗುತ್ತವೆ, ಬೆವರು ಬರುತ್ತದೆ. ಆರೋಗ್ಯವಾಗಿರುವ ಮುಖ ಮಾಡಬೇಕಾದದ್ದೇ ಅದು. ಆ ಕೆಲಸ ನಿಂತಿರುವುದು ಎಡಬದಿಯಲ್ಲಿ. ಕಣ್ಣಿಗೆ ಬೀಳುವುದು ಕೆಂಪು ಬದಿಯಾದ್ದರಿಂದ ರೋಗಿಗಳು ಅದನ್ನೇ ತೋರಿಸುತ್ತಾರೆ, ಎಷ್ಟೋ ಸಲ ಪರೀಕ್ಷೆಗಳೂ ಆ ಬದಿಗೇ ನಡೆದುಬಿಡುತ್ತವೆ. ಹುಡುಕಬೇಕಾದದ್ದು ಬಿಳಿಚಿಕೊಂಡ, ಒಣಗಿದ ಬದಿಯಲ್ಲಿ. ಬಲಬದಿ ತುಸು ಹೆಚ್ಚೇ ಕೆಂಪಾಗುವುದೂ ಉಂಟು. ಎಡಬದಿ ಹೊರಹಾಕದ ಶಾಖದ ಪಾಲನ್ನೂ ಅದೇ ಹೊರಬೇಕಾಗುತ್ತದೆ.

ಈ ಚಿತ್ರಕ್ಕೆ ಹಾರ್ಲೆಕ್ವಿನ್ ಸಿಂಡ್ರೋಮ್ ಎಂಬ ಹೆಸರಿದೆ. 1988ರಲ್ಲಿ ಆಸ್ಟ್ರೇಲಿಯಾದ ನರವೈದ್ಯ ಜೇಮ್ಸ್ ಲ್ಯಾನ್ಸ್ ಮತ್ತು ಸಂಗಡಿಗರು ಐವರು ರೋಗಿಗಳನ್ನು ವಿವರಿಸಿ ಈ ಹೆಸರಿಟ್ಟರು. ಹಾರ್ಲೆಕ್ವಿನ್ ಎಂದರೆ ಇಟಲಿಯ ಹಳೆಯ ಹಾಸ್ಯನಾಟಕಗಳಲ್ಲಿ ಬಣ್ಣಬಣ್ಣದ ಚೌಕಳಿ ಉಡುಪು ತೊಟ್ಟು ಬರುವ ಪಾತ್ರ. ನವಜಾತ ಶಿಶುವನ್ನು ಪಕ್ಕಕ್ಕೆ ಮಲಗಿಸಿದಾಗ ಕೆಳಗಿನ ಅರ್ಧ ಮೈ ಕೆಂಪಾಗಿ, ಸ್ವಲ್ಪ ಹೊತ್ತಿನಲ್ಲಿ ತಾನಾಗಿ ಸರಿಹೋಗುವುದಕ್ಕೂ ಇದೇ ಪದವನ್ನು ಬಳಸುತ್ತಾರೆ. ಅದು ಬೇರೆಯೇ ವಿಷಯ, ನಿಮ್ಮ ತೊಂದರೆಗೆ ಸಂಬಂಧವಿಲ್ಲ. ಹೆಸರು ಹುಡುಕುತ್ತಾ ಹೋದರೆ ಎರಡೂ ಬೆರೆತು ಸಿಗುತ್ತವೆ, ಗೊಂದಲ ಬೇಡ.

ನಡುವೆ ಗೆರೆ ಎಳೆದ ಹಾಗೆ ಯಾಕಾಗುತ್ತದೆ ಎನ್ನುವುದಕ್ಕೆ ನರ ಸಾಗುವ ದಾರಿಯನ್ನು ನೋಡಬೇಕು. ಬೆವರು ಮತ್ತು ಶಾಖದಿಂದ ಮುಖ ಕೆಂಪೇರುವುದು, ಎರಡನ್ನೂ ನಡೆಸುವುದು ಸಿಂಪಥೆಟಿಕ್ ನರಗಳು, ಅಂದರೆ ನಮ್ಮ ಇಚ್ಛೆಗೆ ಕಾಯದೆ ತಾವಾಗಿ ಕೆಲಸ ಮಾಡುವ ಸ್ವಾಯತ್ತ ನರಗಳ ಒಂದು ಗುಂಪು. ಎಡಕ್ಕೊಂದು, ಬಲಕ್ಕೊಂದು ಪ್ರತ್ಯೇಕ ಸಾಲು. ಆದ್ದರಿಂದಲೇ ಒಂದು ಸಾಲು ಕೆಟ್ಟರೆ ಸರಿಯಾಗಿ ನಡುಗೆರೆಯವರೆಗೆ ಮಾತ್ರ ಪರಿಣಾಮ ಕಾಣುತ್ತದೆ. ಅಪ್ಪಣೆ ಹೊರಡುವುದು ಮಿದುಳಿನ ಬುಡದ ಹೈಪೋಥಲಾಮಸ್‌ನಿಂದ. ಅಲ್ಲಿಂದ ಮಿದುಳುಕಾಂಡದ ಮೂಲಕ ಬೆನ್ನುಹುರಿಗೆ ಇಳಿದು, ಕತ್ತನ್ನು ದಾಟಿ ಎದೆಯ ಮಟ್ಟಕ್ಕೆ ಬರುತ್ತದೆ. ಇದು ಮೊದಲ ಹಂತ. ಎದೆಮಟ್ಟದಲ್ಲಿ ಬೆನ್ನುಹುರಿಯಿಂದ ಹೊರಬಂದು, ಶ್ವಾಸಕೋಶದ ತುದಿಯನ್ನು ಸವರಿಕೊಂಡು ಮತ್ತೆ ಕತ್ತಿಗೆ ಏರಿ, ದವಡೆಯ ಮೂಲೆಯ ಮಟ್ಟದಲ್ಲಿರುವ ನರಗಂಟನ್ನು ಸೇರುವುದು ಎರಡನೇ ಹಂತ. ಆ ಗಂಟಿನಿಂದ, ಕತ್ತಿನಲ್ಲಿ ತಲೆಯ ಕಡೆ ಏರುವ ಕೆರೋಟಿಡ್ ರಕ್ತನಾಳಗಳ ಗೋಡೆಯನ್ನು ಹಿಡಿದುಕೊಂಡು ಕಣ್ಣಿಗೂ ಮುಖದ ಚರ್ಮಕ್ಕೂ ತಲುಪುವುದು ಮೂರನೆಯದು.

ಈ ದಾರಿಯಲ್ಲಿ ಎರಡು ಕವಲುಗಳು ರೋಗಪತ್ತೆಗೆ ಬಹಳ ಉಪಯೋಗಕ್ಕೆ ಬರುತ್ತವೆ. ಕಣ್ಣಿನ ಪಾಪೆ ಮತ್ತು ರೆಪ್ಪೆಗೆ ಹೋಗುವ ಎಳೆಗಳು ಹೆಚ್ಚಾಗಿ ಎದೆಮಟ್ಟದ ಮೊದಲ ನರಬೇರಿನಿಂದ ಹೊರಡುತ್ತವೆ. ಮುಖದ ಬೆವರು ಮತ್ತು ಕೆಂಪಿನ ಎಳೆಗಳು ಅದಕ್ಕಿಂತ ಕೆಳಗೆ, ಎರಡನೇ ಮತ್ತು ಮೂರನೇ ಬೇರುಗಳಿಂದ ಹೊರಡುತ್ತವೆ. ನಿಮ್ಮ ಹಾಗೆ ಅರ್ಧ ಮುಖ ಒಣಗಿ ಕಣ್ಣು ಮಾತ್ರ ಸರಿಯಾಗಿದ್ದರೆ, ಏಟು ಬಿದ್ದಿರುವುದು ಆ ಎರಡನೇ, ಮೂರನೇ ಬೇರುಗಳ ಆಸುಪಾಸಿನಲ್ಲಿ ಎಂದು ಊಹಿಸಬಹುದು. ಎರಡನೇ ಕವಲು ದವಡೆಯ ಬಳಿಯ ಗಂಟು ದಾಟಿದ ಮೇಲೆ ಬರುತ್ತದೆ. ಮುಖದ ಬಹುಪಾಲಿಗೆ ಹೋಗುವ ಬೆವರಿನ ಎಳೆಗಳು ಹೊರ ಕೆರೋಟಿಡ್ ಹಿಡಿದು ಹೋಗುತ್ತವೆ, ಕಣ್ಣಿನವೂ ಹುಬ್ಬಿನ ಮೇಲೆ ಹಣೆಯ ನಡುಗೆರೆಯ ಕಡೆಯ ತುಣುಕಿನವೂ ಒಳ ಕೆರೋಟಿಡ್ ಹಿಡಿದು ಹೋಗುತ್ತವೆ. ಪಾಪೆ ಚಿಕ್ಕದಾಗಿ, ಬೆವರು ಆ ಹಣೆಯ ತುಣುಕಿನಲ್ಲಿ ಮಾತ್ರ ನಿಂತಿದ್ದರೆ ಒಳ ಕೆರೋಟಿಡ್ ಕಡೆ ಗಮನ ಕೊಡಬೇಕು.

ಈಗ ನೀವೇ ಮಾಡಬಹುದಾದ ಪರಿಶೀಲನೆ. ಇದರ ಫೋಟೊಗಳು ವೈದ್ಯರ ಕೈಗೆ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ, ಏಕೆಂದರೆ ತಣ್ಣಗಿನ ಕೋಣೆಯಲ್ಲಿ ಕುಳಿತಾಗ ನಿಮ್ಮ ಎರಡೂ ಕೆನ್ನೆ ಒಂದೇ ರೀತಿ ಕಾಣುತ್ತವೆ. ಮುಖಕ್ಕೆ ಏನೂ ಹಚ್ಚದೆ, ಕೂದಲು ಹಿಂದಕ್ಕೆ ಕಟ್ಟಿ, 15ರಿಂದ 20 ನಿಮಿಷ ಓಡಿ ಅಥವಾ ಜೋರಾಗಿ ನಡೆಯಿರಿ. ನಿಂತ ಕೂಡಲೇ ಮುಖ ಒರೆಸಿಕೊಳ್ಳದೆ ಎದುರಿನಿಂದ ಒಂದು, ಎರಡೂ ಪಕ್ಕಗಳಿಂದ ಒಂದೊಂದು ಫೋಟೊ ತೆಗೆಯಿರಿ. ಬೆಳಕು ಎರಡೂ ಕೆನ್ನೆಗೆ ಸಮನಾಗಿ ಬೀಳಬೇಕು. ಕಿಟಕಿಯ ಪಕ್ಕಕ್ಕೆ ನಿಂತರೆ ನೆರಳೇ ಬಿಳಿಚಿದ ಹಾಗೆ ಕಂಡು ದಾರಿ ತಪ್ಪಿಸುತ್ತದೆ. ಬಳಿಕ ಹಣೆಯ ಎರಡು ಬದಿಗೆ, ಎರಡು ಕೆನ್ನೆಗೆ ಟಿಶ್ಯೂ ಕಾಗದ ಒತ್ತಿ, ಒದ್ದೆಯ ಗುರುತನ್ನೂ ಫೋಟೊ ಮಾಡಿ. ಕುತ್ತಿಗೆ, ಎದೆಯ ಮೇಲ್ಭಾಗ ಮತ್ತು ಎರಡೂ ತೋಳುಗಳನ್ನು ಮರೆಯಬೇಡಿ. ಒಣ ಭಾಗ ತೋಳಿಗೂ ಎದೆಗೂ ಇಳಿದಿದೆಯೇ ಎನ್ನುವುದು ಏಟು ಎಷ್ಟು ಉದ್ದಕ್ಕೆ ಹಬ್ಬಿದೆ ಎಂಬುದನ್ನು ಹೇಳುತ್ತದೆ. ಮೈಬಣ್ಣ ಗಾಢವಾಗಿರುವವರಲ್ಲಿ ಕೆಂಪು ಚೆನ್ನಾಗಿ ಕಾಣದು. ಅವರು ಕೈಯ ಹಿಂಬದಿಯಿಂದ ಎರಡೂ ಕೆನ್ನೆ ಮುಟ್ಟಿ ಬಿಸಿ ಮತ್ತು ಒದ್ದೆಯ ವ್ಯತ್ಯಾಸವನ್ನು ನೋಡಬೇಕು.

ಕಣ್ಣನ್ನು ಬೇರೆಯಾಗಿಯೇ ನೋಡಿ. ಸಿಂಪಥೆಟಿಕ್ ನರ ಸೋತ ಕಡೆ ಪಾಪೆ ಚಿಕ್ಕದಾಗುತ್ತದೆ, ಮೇಲಿನ ರೆಪ್ಪೆ 1ರಿಂದ 2 ಮಿಲಿಮೀಟರ್ ಇಳಿಯುತ್ತದೆ, ಕೆಳಗಿನ ರೆಪ್ಪೆ ತುಸು ಮೇಲೇರುತ್ತದೆ. ಹಾಗಾಗಿ ಆ ಕಣ್ಣು ಒಳಗೆ ಹೋದಂತೆ ಕಾಣುತ್ತದೆ. 1869ರಲ್ಲಿ ಇದನ್ನು ವಿವರಿಸಿದ ಸ್ವಿಸ್ ನೇತ್ರವೈದ್ಯನ ಹೆಸರಿನಿಂದ ಇದಕ್ಕೆ ಹಾರ್ನರ್ ಸಿಂಡ್ರೋಮ್ ಎನ್ನುತ್ತಾರೆ. ಪಾಪೆಗಳ ಅಳತೆಯಲ್ಲಿ ವ್ಯತ್ಯಾಸ ಇದ್ದರೆ ಅದು ಕತ್ತಲಲ್ಲಿ ಹೆಚ್ಚುತ್ತದೋ ಬೆಳಕಲ್ಲಿ ಹೆಚ್ಚುತ್ತದೋ ನೋಡಿ. ಕತ್ತಲಲ್ಲಿ ಹೆಚ್ಚಿದರೆ ಚಿಕ್ಕ ಪಾಪೆ ಹಿಗ್ಗಲಾರದೆ ಉಳಿದಿದೆ ಎಂದರ್ಥ, ಇದು ಹಾರ್ನರ್ ಕಡೆಗೆ ಬೊಟ್ಟುಮಾಡುತ್ತದೆ. ಬೆಳಕಲ್ಲಿ ಹೆಚ್ಚಿದರೆ ದೊಡ್ಡ ಪಾಪೆ ಕುಗ್ಗಲಾರದೆ ಉಳಿದಿದೆ, ಅದರ ಅರ್ಥ ಬೇರೆ, ಮುಂದೆ ಹೇಳುತ್ತೇನೆ. ಇನ್ನೊಂದು ಸೂಕ್ಷ್ಮ: ದೀಪ ಆರಿಸಿ 5ನೇ ಸೆಕೆಂಡಿಗೆ ಒಂದು, 15ನೇ ಸೆಕೆಂಡಿಗೆ ಒಂದು ಫ್ಲ್ಯಾಶ್ ಫೋಟೊ ತೆಗೆದರೆ, ಹಾರ್ನರ್ ಪಾಪೆ ಮೊದಲನೆಯದರಲ್ಲಿ ತೀರಾ ಹಿಂದುಳಿದು ಎರಡನೆಯದರಲ್ಲಿ ಒಂದಿಷ್ಟು ಸರಿದೂಗಿರುವುದು ಕಾಣುತ್ತದೆ. ಹಳೆಯ ಫೋಟೊಗಳನ್ನೂ ಹಿಗ್ಗಿಸಿ ನೋಡಿ. ಹತ್ತು ವರ್ಷದ ಹಿಂದೆಯೂ ಅದೇ ರೆಪ್ಪೆ ಇಳಿದಿದ್ದರೆ ಆತುರಪಡುವ ಅಗತ್ಯ ಕಡಿಮೆ.

ಯಾವಾಗ ಆತುರಪಡಬೇಕು ಎನ್ನುವುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಇದ್ದಕ್ಕಿದ್ದ ಹಾಗೆ ಒಂದು ರೆಪ್ಪೆ ಇಳಿದು, ಅದೇ ಕಣ್ಣಿನ ಪಾಪೆ ಚಿಕ್ಕದಾಗಿ, ಅದೇ ಬದಿಯ ಕತ್ತು, ಮುಖ ಅಥವಾ ಕಣ್ಣಿನ ಸುತ್ತ ನೋವಿದ್ದರೆ, ಕೆರೋಟಿಡ್ ರಕ್ತನಾಳದ ಒಳಪದರ ಸೀಳಿದೆ ಎಂದೇ ಭಾವಿಸಿ ಅದೇ ದಿನ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಬೇಕು. ಸೀಳಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋದರೆ ಪಾರ್ಶ್ವವಾಯು ಆಗುತ್ತದೆ, ಆ ಅಪಾಯ ಮೊದಲ ಕೆಲವು ದಿನಗಳಲ್ಲೇ ಹೆಚ್ಚು. ತಲೆ ಮತ್ತು ಕತ್ತಿನ ರಕ್ತನಾಳಗಳ ಸಿಟಿ ಅಥವಾ ಎಂಆರ್ ಆಂಜಿಯೋಗ್ರಫಿ ಆಗುವವರೆಗೆ ಕತ್ತಿಗೆ ಮಾಲೀಶು ಮಾಡಿಸುವುದಾಗಲಿ ಲಟಿಕೆ ತೆಗೆಸುವುದಾಗಲಿ ಕೂಡದು. ತಲೆಸುತ್ತು, ನುಂಗಲು ಕಷ್ಟ, ಧ್ವನಿ ಬದಲಾವಣೆ, ಮುಖದ ಒಂದು ಬದಿ ಮರಗಟ್ಟುವುದು ಜೊತೆಗಿದ್ದರೆ ಮಿದುಳುಕಾಂಡದ ಪಾರ್ಶ್ವವಾಯುವನ್ನು ನೆನೆಯಬೇಕು. ಇಷ್ಟು ಧಿಡೀರನೆ ಬಾರದೆ ಮೆಲ್ಲಗೆ ಬರುವ ಅಪಾಯವೂ ಒಂದಿದೆ: ಭುಜದ ನೋವು ತೋಳಿನ ಒಳಬದಿಗೆ ಹರಿದು, ಅಂಗೈಯ ಸ್ನಾಯು ಕರಗುತ್ತಾ, ರೆಪ್ಪೆ ಇಳಿದಿದ್ದರೆ ಶ್ವಾಸಕೋಶದ ತುದಿಯ ಗೆಡ್ಡೆಯನ್ನು ಹುಡುಕಲೇಬೇಕು. ಬೀಡಿ, ಸಿಗರೇಟು ಸೇದುವವರಲ್ಲಿ ಇನ್ನೂ ಮುಖ್ಯ. ಕೊರಳೆಲುಬು ಮತ್ತು ಮೇಲಿನ ಪಕ್ಕೆಲುಬುಗಳ ಮರೆಯಲ್ಲಿರುವ ಆ ಜಾಗ ಮಾಮೂಲಿ ಎಕ್ಸ್‌ರೇಯಲ್ಲಿ ತಪ್ಪಿಸಿಕೊಳ್ಳಬಹುದು, ಸಿಟಿ ಬೇಕಾಗುತ್ತದೆ.

ನಿಮ್ಮ ವಿಷಯಕ್ಕೆ ಬಂದರೆ, ಎಂಟು ತಿಂಗಳಿಂದ ಬದಲಾಗದೆ ಇದ್ದು, ನೋವಿಲ್ಲದೆ, ಕಣ್ಣು ಸರಿಯಾಗಿದ್ದರೆ ಇದು ಪಾರ್ಶ್ವವಾಯುವಿನ ಮುನ್ಸೂಚನೆಯಲ್ಲ. ಹಾರ್ಲೆಕ್ವಿನ್ ಸಿಂಡ್ರೋಮ್ ಇರುವ ಹೆಚ್ಚಿನವರಲ್ಲಿ ಎಷ್ಟು ಹುಡುಕಿದರೂ ಕಾರಣ ಸಿಗುವುದಿಲ್ಲ, ತೊಂದರೆ ಮುಂದುವರಿದರೂ ಪ್ರಾಣಕ್ಕೇನೂ ಅಪಾಯವಿಲ್ಲ. ಆದರೆ 'ಕಾರಣವಿಲ್ಲ' ಎಂದು ಹೇಳುವ ಹಕ್ಕು ಬರುವುದು ಸರಿಯಾದ ಜಾಗದಲ್ಲಿ ಹುಡುಕಿದ ಮೇಲೆ. ಮಿದುಳಿನ ಸ್ಕ್ಯಾನ್ ಸರಿಯಾಗಿದೆ ಎಂದು ಬರೆದಿದ್ದೀರಿ. ನರದ ದಾರಿಯ ಬಹುಪಾಲು ಕತ್ತು ಮತ್ತು ಎದೆಯಲ್ಲಿದೆ, ಆ ಸ್ಕ್ಯಾನ್ ಅದನ್ನು ನೋಡಿಯೇ ಇಲ್ಲ. ನಿಮಗೆ ಬೇಕಿರುವುದು ಕತ್ತಿನ ಬೆನ್ನುಹುರಿ, ಎದೆಯ ಮೇಲ್ಭಾಗದ ಬೆನ್ನುಹುರಿ ಮತ್ತು ಶ್ವಾಸಕೋಶದ ತುದಿ ಒಳಗೊಳ್ಳುವ ಎಂಆರ್‌ಐ. ಕೇಳುವ ಚೀಟಿಯಲ್ಲಿ 'ಎಡಬದಿಯ ಸಿಂಪಥೆಟಿಕ್ ದಾರಿ, ಎದೆಮಟ್ಟದ ಎರಡನೇ ಮತ್ತು ಮೂರನೇ ಬೇರು' ಎಂದು ಬರೆದಿದ್ದರೆ ವರದಿ ಕೊಡುವವರ ಕಣ್ಣು ಅಲ್ಲಿಗೇ ಹೋಗುತ್ತದೆ. ಹುಡುಕುವುದು ನರದ ಹೊದಿಕೆಯ ಗೆಡ್ಡೆ, ಬೆನ್ನುಹುರಿಯೊಳಗಿನ ನೀರುಗುಳ್ಳೆ, ನರವನ್ನು ಒತ್ತುವ ಥೈರಾಯ್ಡ್ ಗಂಟು ಇಂಥವನ್ನು.

ಎಂಟು ತಿಂಗಳ ಹಿಂದೆ, ಇದು ಶುರುವಾಗುವುದಕ್ಕೆ ಮುಂಚೆ ಏನಾಗಿತ್ತು ಎಂದೂ ನೆನಪು ಮಾಡಿಕೊಳ್ಳಿ. ಕತ್ತಿನ ದೊಡ್ಡ ರಕ್ತನಾಳಕ್ಕೆ ನಳಿಕೆ ಹಾಕಿದ್ದು, ಥೈರಾಯ್ಡ್ ಅಥವಾ ಎದೆಯ ಶಸ್ತ್ರಚಿಕಿತ್ಸೆ, ಕತ್ತಿಗೆ ಬಿದ್ದ ಪೆಟ್ಟು, ಅಂಗೈ ಬೆವರಿಗೆ ಮಾಡಿದ ನರಶಸ್ತ್ರ, ಇವೆಲ್ಲ ಎಳೆಗಳಿಗೆ ಏಟು ಕೊಡಬಲ್ಲವು. ನೋವು ತಡೆಯಲು ಬೆನ್ನಿಗೆ ಅಥವಾ ಕತ್ತಿನ ಬಳಿ ಅರಿವಳಿಕೆ ಕೊಟ್ಟಾಗಲೂ ಅರ್ಧ ಮುಖ ಕೆಂಪಾಗುವುದುಂಟು. ಅದು ಔಷಧಿ ಇಳಿದ ಮೇಲೆ ತಾನಾಗಿ ಹೋಗುತ್ತದೆ.

ಕಣ್ಣಿನಲ್ಲಿ ಅನುಮಾನ ಬಂದರೆ ವೈದ್ಯರು ಎಪ್ರಾಕ್ಲೊನಿಡಿನ್ ಹನಿಯನ್ನು ಎರಡೂ ಕಣ್ಣಿಗೆ ಹಾಕಿ ಸುಮಾರು 45 ನಿಮಿಷದಿಂದ ಒಂದು ಗಂಟೆ ಕಾಯುತ್ತಾರೆ. ನರದ ಸಂದೇಶವಿಲ್ಲದೆ ಹಸಿದಿರುವ ಪಾಪೆ ಈ ಅಲ್ಪ ಪ್ರಚೋದನೆಗೂ ಹಿಗ್ಗುತ್ತದೆ, ಇಳಿದ ರೆಪ್ಪೆ ಮೇಲೇಳುತ್ತದೆ, ಆರೋಗ್ಯವಂತ ಕಣ್ಣಿನಲ್ಲಿ ಹಾಗಾಗದು. ಆ ಹಸಿವು ಹುಟ್ಟಲು ಕೆಲವು ದಿನಗಳಾದರೂ ಬೇಕು. ಆದ್ದರಿಂದ ನಿನ್ನೆ ಮೊನ್ನೆ ಶುರುವಾದ ಹಾರ್ನರ್‌ನಲ್ಲಿ ಪರೀಕ್ಷೆ ಸುಳ್ಳು ಹೇಳಬಹುದು. ಅಲ್ಲಿ ಹನಿಯನ್ನು ನಂಬಿ ಕೂರದೆ ನೇರ ಸ್ಕ್ಯಾನ್ ಮಾಡಬೇಕು. ಒಂದು ವರ್ಷದೊಳಗಿನ ಶಿಶುಗಳಿಗೆ ಈ ಹನಿ ಹಾಕುವಂತಿಲ್ಲ, ತೀವ್ರ ಮಂಪರು ಬಂದು ಉಸಿರಾಟವೇ ಕುಗ್ಗಬಹುದು.

ಬೆವರಿನ ನಕ್ಷೆ ತೆಗೆಯಲು ಮೈನರ್ ಎಂಬ ವೈದ್ಯರ ಹೆಸರಿನ ಪರೀಕ್ಷೆ ಸುಲಭದ್ದು. ಚರ್ಮಕ್ಕೆ ಅಯೋಡಿನ್ ದ್ರಾವಣ ಬಳಿದು, ಪೂರ್ತಿ ಒಣಗಲು ಬಿಟ್ಟು, ಮೇಲೆ ಪಿಷ್ಟದ ಪುಡಿಯನ್ನು ತೆಳುವಾಗಿ ಉದುರಿಸಿ, ಮೈ ಬೆಚ್ಚಗೆ ಮಾಡುತ್ತಾರೆ. ಬೆವರು ಬಂದ ಕಡೆ ಕಡುನೀಲಿ ಬಣ್ಣವಾಗುತ್ತದೆ, ಒಣ ಜಾಗ ಹಾಗೇ ಉಳಿಯುತ್ತದೆ. ಅಯೋಡಿನ್ ಒಣಗುವ ಮುನ್ನ ಪುಡಿ ಉದುರಿಸಿದರೆ ಎಲ್ಲ ಕಡೆಯೂ ನೀಲಿಯಾಗಿ ಪರೀಕ್ಷೆ ವ್ಯರ್ಥ. ಅಯೋಡಿನ್ ಅಲರ್ಜಿ ಇರುವವರು ಮೊದಲೇ ಹೇಳಬೇಕು. ದೊಡ್ಡ ಪ್ರಯೋಗಾಲಯಗಳಲ್ಲಿ ಮೈಯೆಲ್ಲ ಬಣ್ಣದ ಪುಡಿ ಹಚ್ಚಿ ಬಿಸಿ ಕೋಣೆಯಲ್ಲಿ ಮಲಗಿಸುವ ಪರೀಕ್ಷೆಯಿದೆ. ಅದು ಎಲ್ಲಿ ಬೆವರಿಲ್ಲ ಎಂದು ಹೇಳುತ್ತದೆ. ಅಸಿಟೈಲ್‌ಕೊಲಿನ್ ಎಂಬ ರಾಸಾಯನಿಕವನ್ನು ಸಣ್ಣ ವಿದ್ಯುತ್ತಿನಿಂದ ಚರ್ಮದೊಳಗೆ ಕಳಿಸಿ ಬೆವರಿನ ಪ್ರಮಾಣ ಅಳೆಯುವ ಇನ್ನೊಂದು ಪರೀಕ್ಷೆ, ಕೊನೆಯ ಹಂತದ ನರ ಬದುಕಿದೆಯೇ ಎಂದು ಹೇಳುತ್ತದೆ. ಬಿಸಿಗೆ ಬೆವರದ ಜಾಗ ಈ ರಾಸಾಯನಿಕಕ್ಕೆ ಬೆವರಿದರೆ, ಕೆಟ್ಟಿರುವುದು ಅದಕ್ಕಿಂತ ಮೇಲಿನ ಹಂತ. ಆದರೆ ಇದನ್ನು ಸಾಮಾನ್ಯವಾಗಿ ಮಾಡುವುದು ಕೈಕಾಲಿನ ಮೇಲೆ, ಮುಖಕ್ಕೆ ಇದರಿಂದ ಹೆಚ್ಚು ಉಪಯೋಗವಿಲ್ಲ.

ಬೆಳಕಿನಲ್ಲಿ ಕುಗ್ಗದ ದೊಡ್ಡ ಪಾಪೆಯ ಮಾತು ಬಾಕಿ ಇತ್ತು. ಅಂಥ ಪಾಪೆ, ಮೊಣಕಾಲು ಮತ್ತು ಹಿಮ್ಮಡಿಯ ಮೇಲೆ ಸುತ್ತಿಗೆ ತಟ್ಟಿದರೆ ಏಳದ ಪ್ರತಿವರ್ತನೆ, ಮೈಯಲ್ಲಿ ಅಲ್ಲಲ್ಲಿ ಬೆವರಿಲ್ಲದ ಪಟ್ಟಿಗಳು, ಈ ಮೂರೂ ಕೂಡಿದರೆ 1958ರಲ್ಲಿ ವಿವರಿಸಲಾದ ರಾಸ್ ಸಿಂಡ್ರೋಮ್. 0.1 ಶೇಕಡಾ ಪೈಲೊಕಾರ್ಪಿನ್ ಹನಿಗೆ ಆ ಪಾಪೆ ಕುಗ್ಗುತ್ತದೆ, ಮಾಮೂಲಿ ಪಾಪೆ ಅಷ್ಟು ತೆಳು ಹನಿಗೆ ಅಷ್ಟಾಗಿ ಜಗ್ಗುವುದಿಲ್ಲ. ಇಲ್ಲೂ ಅದೇ ತಪ್ಪು ನಡೆಯುತ್ತದೆ: ರೋಗಿ ಬರುವುದು 'ಒಂದೇ ಕಡೆ ವಿಪರೀತ ಬೆವರುತ್ತೇನೆ' ಎಂದು, ನಿಜದಲ್ಲಿ ಉಳಿದೆಲ್ಲ ಕಡೆ ಬೆವರು ನಿಂತಿರುತ್ತದೆ. ಆ ಒಂದು ಕಡೆಯ ಬೆವರನ್ನೂ ಔಷಧಿಯಿಂದ ನಿಲ್ಲಿಸಿದರೆ ಮೈ ತಣಿಯುವ ದಾರಿಯೇ ಮುಚ್ಚಿ, ಬಿಸಿಲಿನಲ್ಲಿ ಪ್ರಾಣಾಪಾಯದ ತಾಪಾಘಾತ ಆಗಬಹುದು.

ನಿಮಗೆ ಓಡಿದಾಗ ಆಗುತ್ತದೆ. ಊಟ ಮಾಡುವಾಗ ಮಾತ್ರ ಕಿವಿಯ ಮುಂದಿನ ಕೆನ್ನೆ ಕೆಂಪಾಗಿ ಬೆವರುವವರ ಕಥೆ ಬೇರೆ, ಅದು ಫ್ರೇ ಸಿಂಡ್ರೋಮ್. ಪೋಲೆಂಡಿನ ನರವೈದ್ಯೆ ಲೂಚಿಯಾ ಫ್ರೇ 1923ರಲ್ಲಿ ಇದನ್ನು ವಿವರಿಸಿದರು. ಕಿವಿಯ ಮುಂದಿನ ಜೊಲ್ಲು ಗ್ರಂಥಿಯ ಶಸ್ತ್ರಚಿಕಿತ್ಸೆಯಲ್ಲಿ ತುಂಡಾದ, ಜೊಲ್ಲು ಸುರಿಸುವ ಪ್ಯಾರಾಸಿಂಪಥೆಟಿಕ್ ನರದ ಎಳೆಗಳು ಮತ್ತೆ ಬೆಳೆಯುವಾಗ ದಾರಿ ತಪ್ಪಿ ಬೆವರು ಗ್ರಂಥಿಗೆ ಸೇರಿಕೊಳ್ಳುತ್ತವೆ. ಜೊಲ್ಲು ಸುರಿಸು ಎಂಬ ಸಂದೇಶಕ್ಕೆ ಕೆನ್ನೆ ಬೆವರುತ್ತದೆ. ಎಳೆ ಬೆಳೆಯಲು ಸಮಯ ಬೇಕಾದ್ದರಿಂದ ಇದು ಶಸ್ತ್ರಚಿಕಿತ್ಸೆಯಾಗಿ ಹಲವು ತಿಂಗಳ ಬಳಿಕ ಕಾಣಿಸಿಕೊಳ್ಳುತ್ತದೆ. ಬೆವರು ಗ್ರಂಥಿಗೆ ನರದ ಸಂದೇಶ ತಲುಪದಂತೆ ತಡೆಯುವ ಬೊಟುಲಿನಂ ಚುಚ್ಚುಮದ್ದು ಚೆನ್ನಾಗಿ ಕೆಲಸ ಮಾಡುತ್ತದೆ. ಇಕ್ಕುಳ ಹಾಕಿ ಹೆರಿಗೆಯಾದ ಕೆಲವು ಮಕ್ಕಳಲ್ಲೂ ಘನ ಆಹಾರ ಶುರುಮಾಡಿದಾಗ ಕೆನ್ನೆಯಲ್ಲಿ ಕೆಂಪು ಪಟ್ಟೆ ಏಳುತ್ತದೆ. ಅದನ್ನು ಆಹಾರದ ಅಲರ್ಜಿ ಎಂದು ತಿಳಿದು ಮಗುವಿಗೆ ಒಳ್ಳೆಯ ಆಹಾರವನ್ನೇ ತಪ್ಪಿಸುವುದು ನೋವಿನ ಸಂಗತಿ. ಕೆಲವು ನಿಮಿಷಗಳಲ್ಲಿ ಮಾಯವಾಗುವ, ತುರಿಕೆಯಿಲ್ಲದ, ಪ್ರತಿ ಸಲ ಅದೇ ಜಾಗದಲ್ಲಿ ಬರುವ ಪಟ್ಟೆ ಅಲರ್ಜಿಯಂತೆ ವರ್ತಿಸುತ್ತಿಲ್ಲ ಎಂದು ತಿಳಿಯಿರಿ.

ಎರಡೂ ಕೆನ್ನೆ ಸಮನಾಗಿ ಕೆಂಪೇರುವವರಿಗೆ ಒಂದು ಮಾತು. ಕೆಂಪಿನ ಜೊತೆ ಬೆವರಿದ್ದರೆ ಅದು ಸಾಮಾನ್ಯವಾಗಿ ನರಗಳ ಮೂಲಕ ಬಂದದ್ದು: ಶಾಖ, ಭಾವೋದ್ವೇಗ, ಮುಟ್ಟು ನಿಲ್ಲುವ ಕಾಲ. ಬೆವರಿಲ್ಲದ ಒಣ ಕೆಂಪು ಎಂದರೆ ಯಾವುದೋ ರಾಸಾಯನಿಕ ನೇರವಾಗಿ ರಕ್ತನಾಳವನ್ನು ಹಿಗ್ಗಿಸುತ್ತಿರಬಹುದು, ರಕ್ತದೊತ್ತಡದ ಕೆಲವು ಮಾತ್ರೆಗಳು ಮತ್ತು ನಯಾಸಿನ್ ಎಂಬ ಬಿ ವಿಟಮಿನ್ ಹೀಗೆ ಮಾಡುತ್ತವೆ. ಒಣ ಕೆಂಪಿನ ಜೊತೆ ಪದೇಪದೇ ಭೇದಿಯಾಗುತ್ತಿದ್ದರೆ ಇಂಥ ರಾಸಾಯನಿಕಗಳನ್ನು ಸುರಿಸುವ ಕಾರ್ಸಿನಾಯ್ಡ್ ಗೆಡ್ಡೆಗಾಗಿ 24 ಗಂಟೆಯ ಮೂತ್ರಪರೀಕ್ಷೆ ಮಾಡಿಸಬೇಕು. ಬೆನ್ನುಹುರಿಗೆ ಎದೆಯ ಆರನೇ ಮಟ್ಟದಲ್ಲೋ ಅದಕ್ಕೂ ಮೇಲೋ ಪೆಟ್ಟಾದವರಲ್ಲಿ ಏಕಾಏಕಿ ಮುಖ ಕೆಂಪಾಗಿ, ಬೆವರು ಕಿತ್ತು, ತಲೆ ಸಿಡಿದರೆ ಅದು ತುರ್ತು. ರಕ್ತದೊತ್ತಡ ವಿಪರೀತ ಏರಿರುತ್ತದೆ. ಕೂಡಲೇ ಎಬ್ಬಿಸಿ ಕೂರಿಸಿ, ಬಿಗಿಯಾದುದನ್ನೆಲ್ಲ ಸಡಿಲಿಸಿ, ಮೂತ್ರದ ನಳಿಕೆ ಮಡಚಿದೆಯೇ, ಕಟ್ಟಿದೆಯೇ ನೋಡಬೇಕು. ಹೆಚ್ಚಿನ ಸಲ ತುಂಬಿದ ಮೂತ್ರಕೋಶವೇ ಕಾರಣ.

ಇನ್ನು ಬಲಬದಿಯ ನರ ಕತ್ತರಿಸುವ ಸಲಹೆ. ಹಾಗೆ ಮಾಡಿದವರಿದ್ದಾರೆ, ಎರಡೂ ಬದಿ ಒಂದೇ ರೀತಿ ಕಾಣುವಂತೆ ಆಗುವುದೂ ನಿಜ. ಆದರೆ ಎಡಬದಿ ವಾಸಿಯಾಗುವುದಿಲ್ಲ, ಸರಿಯಿದ್ದ ಬಲಬದಿಯೂ ಒಣಗುತ್ತದೆ, ಅಷ್ಟೇ. ಮುಖದಲ್ಲಿ ನಿಂತ ಬೆವರು ಬೆನ್ನು, ಹೊಟ್ಟೆ, ತೊಡೆಗಳಲ್ಲಿ ಬಟ್ಟೆ ತೊಯ್ಯುವಷ್ಟು ಹೊಮ್ಮಬಹುದು, ಈ ಬದಲಿ ಬೆವರಿಗೆ ನೆಚ್ಚುವಂಥ ಚಿಕಿತ್ಸೆ ಇಲ್ಲ. ಕತ್ತರಿ ಸ್ವಲ್ಪ ಮೇಲೆ ಬಿದ್ದರೆ ಬಲಗಣ್ಣಿನ ರೆಪ್ಪೆಯೂ ಇಳಿಯುತ್ತದೆ. ನರಕ್ಕೆ ಕ್ಲಿಪ್ ಹಾಕಿ ಬೇಡವೆನಿಸಿದರೆ ತೆಗೆಯಬಹುದು ಎನ್ನುತ್ತಾರೆ, ತೆಗೆದ ಮೇಲೆ ನರ ಚೇತರಿಸಿಕೊಳ್ಳುತ್ತದೆ ಎಂಬ ಭರವಸೆ ಇಲ್ಲ. ನಿಮ್ಮ ವಿವರಕ್ಕೆ ಇದು ನನ್ನ ಸಲಹೆಯಲ್ಲ. ಬೆವರು ನಿಜವಾಗಿ ಕೆಲಸಕ್ಕೆ ಅಡ್ಡಿಯಾದರೆ ಬಲ ಹಣೆಗೆ ಬೊಟುಲಿನಂ ಚುಚ್ಚುಮದ್ದು ಹಾಕಿಸಬಹುದು, ಪರಿಣಾಮ ಕೆಲವು ತಿಂಗಳಿದ್ದು ಹೋಗುತ್ತದೆ, ಇಷ್ಟವಾಗದಿದ್ದರೆ ಮತ್ತೆ ಹಾಕಿಸದೆ ಬಿಡಬಹುದು. ಹಣೆಯಲ್ಲಿ ಅದು ಹುಬ್ಬನ್ನು ತುಸು ಇಳಿಸಬಹುದು, ಮುಖದ ಕೆಂಪಿಗೆ ಅಷ್ಟು ಖಚಿತ ಫಲವೂ ಇಲ್ಲ. ಗ್ಲೈಕೊಪೈರೊಲೇಟ್‌ನಂಥ ಬೆವರು ಕುಗ್ಗಿಸುವ ಮಾತ್ರೆ ಇಡೀ ಮೈಯನ್ನು ಒಣಗಿಸುತ್ತದೆ. ಬಿಸಿಲಲ್ಲಿ ಓಡುವವರಿಗೆ ಅದು ಒಳ್ಳೆಯದಲ್ಲ, ಕೆಲವು ಬಗೆಯ ಗ್ಲಾಕೋಮಾ ಮತ್ತು ಮೂತ್ರ ಕಟ್ಟುವ ತೊಂದರೆ ಇರುವವರು ಅದನ್ನು ಮುಟ್ಟಲೇಬಾರದು.

ಓಟ ನಿಲ್ಲಿಸಬೇಕಿಲ್ಲ. ಒಣಗಿರುವುದು ಅರ್ಧ ಮುಖವಷ್ಟೇ ಆದರೆ ಮೈ ತಣಿಯಲು ಉಳಿದ ಚರ್ಮ ಸಾಕು. ತೋಳು, ಎದೆಯೂ ಒಣಗಿವೆ ಎಂದು ಟಿಶ್ಯೂ ಪರೀಕ್ಷೆಯಲ್ಲಿ ಕಂಡರೆ ಬಿಸಿಲೇರುವ ಮೊದಲೇ ಓಟ ಮುಗಿಸಿ, ಒಣ ಭಾಗಕ್ಕೆ ನೀರು ಚಿಮುಕಿಸಿಕೊಳ್ಳುತ್ತಿರಿ. ನರವೈದ್ಯರನ್ನು ಕಾಣುವಾಗ ಆ ಫೋಟೊಗಳು, ಹಳೆಯ ಎರಡು ಮೂರು ಭಾವಚಿತ್ರ, ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಪಟ್ಟಿ ಮತ್ತು ಈಗಾಗಲೇ ಆದ ಸ್ಕ್ಯಾನ್‌ನ ಚಿತ್ರಗಳನ್ನು ಒಯ್ಯಿರಿ. ಬರಿಯ ವರದಿಯ ಹಾಳೆ ಸಾಲದು. ಮೊಣಕಾಲಿನ ಪ್ರತಿವರ್ತನೆ, ಎರಡೂ ಪಾಪೆ, ಕೊರಳೆಲುಬಿನ ಮೇಲಿನ ಗುಳಿಯಲ್ಲಿ ಗಂಟಿದೆಯೇ ಎನ್ನುವುದು, ಕುಳಿತಾಗ ಮತ್ತು ಎದ್ದು ಮೂರು ನಿಮಿಷ ನಿಂತ ಮೇಲಿನ ರಕ್ತದೊತ್ತಡ, ಇಷ್ಟನ್ನು ನೋಡಲು ಕೇಳಿಕೊಳ್ಳಿ. ನಿಂತಾಗ ಮೇಲಿನ ಅಂಕಿ 20ಕ್ಕಿಂತ ಹೆಚ್ಚು ಇಳಿದರೆ ತೊಂದರೆ ಮುಖದ ಒಂದು ಬದಿಗೆ ಸೀಮಿತವಾಗಿಲ್ಲದಿರಬಹುದು, ಆಗ ಇಡೀ ಸ್ವಾಯತ್ತ ನರವ್ಯೂಹದ ಪರೀಕ್ಷೆ ಆಗಬೇಕು.